ವಾಚು ತೆಗೀಬೇಡ

ಬಸವನಗುಡಿ, ಬೆಂಗಳೂರು

ಪ್ರೀತಿಯ ತಮ್ಮ,

ಮೇಡಂ ಅಂತ ಕರೀಬೇಡ, ಅಕ್ಕ ಅಂದರೆ ಸಾಕು. ನಿನ್ನ ಕಾದಂಬರಿ ಪೂರ್ತಿ ಓದಿದೆ. ಜೊತೆಗಿಟ್ಟ ಕಾಗದವನ್ನೂ ಓದಿದೆ. ಪ್ರಕಾಶಕರೊಬ್ಬರು ‘ಪುನರಾವರ್ತನೆ ಜಾಸ್ತಿ’ ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದರಂತೆ. ಅದಕ್ಕೆ ಅಪ್ಪನ ವಾಚು ಬರುವ ಕಡೆಯೆಲ್ಲ ಅಳಿಸಿಬಿಡಬೇಕು ಅಂತ ಕೂತಿದ್ದೀಯಂತೆ. ‘ನಂಗೆ ಬರವಣಿಗೆ ಒಲಿಯಲ್ಲ ಅನ್ಸುತ್ತೆ’ ಅಂತ ಕೊನೆಗೊಂದು ಮಾತು ಬೇರೆ. ಅದನ್ನು ಓದಿ ಹೊಟ್ಟೆ ಚುರುಕ್ ಅಂದಿತು. ಆಮೇಲೆ ಸಿಟ್ಟೂ ಬಂತು. ಇಷ್ಟು ದಪ್ಪ ಕಾದಂಬರಿ ಬರೆದವನು ಒಂದು ಸಾಲಿಗೆ ಹೀಗೆ ಕುಸಿದರೆ ಹೇಗಪ್ಪಾ?

ವಾಚು ತೆಗೀಬೇಡ.

ಯಾವ ಪ್ರಕಾಶಕರು ಒಳ್ಳೆಯವರು, ಎಷ್ಟು ಪುಟ ಇರಬೇಕು, ಮುನ್ನುಡಿ ಯಾರ ಹತ್ತಿರ ಬರೆಸಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳಬೇಕಾದ್ದು ಒಂದೇ. ಕಥೆಯಲ್ಲಿ ಮತ್ತೆ ಮತ್ತೆ ಬರುವ ವಸ್ತು ಬಂದಾಗಲೆಲ್ಲ ಬದಲಾಗಿ ಬರಬೇಕು. ಹೋದ ಸಲ ಬಂದು ಹೋದ ಮೇಲೆ ಏನೇನಾಯಿತೋ ಅದೆಲ್ಲ ಅದಕ್ಕೆ ತಗುಲಿರಬೇಕು. ನಿನ್ನ ವಾಚು ಮೂರನೇ ಅಧ್ಯಾಯದಲ್ಲಿ ‘ಟಿಕ್ ಟಿಕ್’ ಅನ್ನುತ್ತದೆ. ಅಜ್ಜಿ ಸತ್ತ ಮೇಲೂ ‘ಟಿಕ್ ಟಿಕ್’. ಅಕ್ಕನ ಮದುವೆ ಮುರಿದ ರಾತ್ರಿಯೂ ‘ಟಿಕ್ ಟಿಕ್’. ಆ ಪ್ರಕಾಶಕರಿಗೆ ಬೇಸರ ಬಂದದ್ದು ಇದರಿಂದ.

ಲೈಟ್‌ಮೋಟಿಫ್ ಅಂತ ನೀನೇ ಬರೆದಿದ್ದೀಯ, ಅಂದರೆ ಒಂದು ಪಾತ್ರಕ್ಕೋ ವಸ್ತುವಿಗೋ ಅಂಟಿಕೊಂಡು ಮತ್ತೆ ಮತ್ತೆ ಬರುವ ಸ್ವರಗಳು. ಜರ್ಮನ್ ಸಂಗೀತಗಾರ ವಾಗ್ನರ್ ಹೆಸರನ್ನೂ ಎತ್ತಿದ್ದೀಯ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಅವನ ‘ರಿಂಗ್’ ಅನ್ನುವ ಕಥಾಸರಣಿಯ ನಾಲ್ಕೂ ಆಪೆರಾಗಳು, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳು, ಮೊದಲ ಸಲ ಒಟ್ಟಿಗೆ ನಡೆದವು. ಅದೇ ಹೊತ್ತಿಗೆ ಹಾನ್ಸ್ ಫಾನ್ ವೋಲ್ಟ್ಸೋಗನ್ ಅನ್ನುವವನು ಕೇಳುಗರಿಗಾಗಿ ಒಂದು ಕೈಪಿಡಿ ಬರೆದ. ಈ ಸ್ವರಗಳು ಬಂದರೆ ಇಂಥದ್ದು, ಆ ಸ್ವರಗಳು ಬಂದರೆ ಅಂಥದ್ದು ಅಂತ. ಜನ ಅದನ್ನೇ ಹಿಡಿದುಕೊಂಡರು. ನಿನ್ನ ತಲೆಯಲ್ಲೂ ಅಂಥ ಪಟ್ಟಿಯೇ ಕೂತಿದೆ: ವಾಚು ಅಂದರೆ ಕಾಲ. ಆದರೆ ವಾಗ್ನರ್ ಮಾಡಿದ್ದು ನೋಡು. ಮೊದಲ ಆಪೆರಾದ ಕೊನೆಗೆ ದೇವತೆಗಳ ಒಡೆಯ ವೋಟನ್ ತನ್ನ ಹೊಸ ಕೋಟೆಯ ಮುಂದೆ ನಿಂತಿರುತ್ತಾನೆ. ಆಗ ಕತ್ತಿಯ ಸ್ವರ ಮೊದಲ ಸಲ ಮೊಳಗುತ್ತದೆ. ಆ ಕತ್ತಿ ಕಥೆಗೆ ಬರುವುದು ಮುಂದಿನ ಆಪೆರಾದಲ್ಲಿ, ಮರದ ಕಾಂಡಕ್ಕೆ ನಾಟಿಕೊಂಡು. ಇಲ್ಲಿರುವುದು ವೋಟನ್‌ನ ಮನಸ್ಸಿನಲ್ಲಿ ಹೊಳೆದ ಒಂದು ಯೋಚನೆ ಮಾತ್ರ. ಆಮೇಲೆ ಮಗನ ಕೈಯಲ್ಲಿದ್ದ ಅದೇ ಕತ್ತಿ ವೋಟನ್‌ನ ಈಟಿಗೆ ತಾಗಿ ಚೂರಾಗುತ್ತದೆ. ಮೊಮ್ಮಗ ಆ ಚೂರುಗಳನ್ನು ಕರಗಿಸಿ ಮತ್ತೆ ಕತ್ತಿ ಮಾಡುತ್ತಾನೆ, ಅದರಿಂದಲೇ ಅಜ್ಜನ ಈಟಿಯನ್ನು ಮುರಿಯುತ್ತಾನೆ. ಇಷ್ಟೆಲ್ಲ ಆದಮೇಲೆ ಆ ಸ್ವರ ಕೇಳಿದರೆ ‘ಕತ್ತಿ’ ಅಂತ ಚೀಟಿ ಅಂಟಿಸೋಕೆ ಮನಸ್ಸು ಬರುತ್ತಾ?

ಅಷ್ಟು ದೂರ ಹೋಗುವುದೂ ಬೇಡ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಿಗೆ ಅಪ್ಪನ ಜೊತೆ ಹೋಗುತ್ತಿದ್ದೆ ಅಂತ ಬರೆದಿದ್ದೀಯಲ್ಲ. ತ್ಯಾಗರಾಜರ ಕೃತಿಯೊಂದನ್ನು ನೆನಪು ಮಾಡಿಕೋ. ಪಲ್ಲವಿಯ ಸಾಲು ಒಂದೇ, ಸಾಹಿತ್ಯದ ಒಂದಕ್ಷರವೂ ಬದಲಾಗಲ್ಲ. ಮೊದಲು ಸರಳವಾಗಿ ಹಾಡುತ್ತಾರೆ. ಆಮೇಲೆ ಒಂದೊಂದೇ ಸಂಗತಿ, ಅಂದರೆ ಅದೇ ಸಾಲನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹಾಡುವುದು. ಒಂದು ಕಡೆ ಒಂದು ಗಮಕ ಸೇರುತ್ತದೆ, ಇನ್ನೊಂದು ಕಡೆ ಸಾಲು ತಾರಸ್ಥಾಯಿಗೆ ಏರುತ್ತದೆ. ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬಂದಾಗ ಬರೀ ಸರಳವಾಗಿ ಹಾಡಿದರೂ ಕೇಳುವವರ ಕಿವಿಗೆ ಅದು ಮೊದಲಿನ ಸಾಲಲ್ಲ. ‘ಪುನರಾವರ್ತನೆ ಜಾಸ್ತಿ’ ಅಂತ ಯಾರಾದರೂ ಎದ್ದು ಹೋಗುತ್ತಾರಾ? ಇದನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ಹುಡುಗ ನೀನು. ನಿನ್ನ ಗದ್ಯಕ್ಕೆ ಅದು ಯಾಕೆ ಬರಲಿಲ್ಲ ಅಂತ ನನಗೆ ಬೇಜಾರು.

ನಿನಗೆ ಸಿನಿಮಾ ಹುಚ್ಚು ಅಂತ ಗೊತ್ತು. ಹೀರೋ ಬಂದಾಗಲೆಲ್ಲ ಅದೇ ಬಿಜಿಎಂ ಹೊಡೆಯುವುದನ್ನು ಮಾದರಿ ಮಾಡಿಕೊಳ್ಳಬೇಡ. ಅದು ಬರೀ ಕೂಗಿ ಹೇಳುವುದು. ‘ಜಾಸ್’ ನೋಡಿದ್ದೀಯಲ್ಲ, 1975ರದ್ದು. ಅದಕ್ಕೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್‌ನ ಆ ಎರಡು ಸ್ವರ ಶುರುವಾದರೆ ಶಾರ್ಕ್ ಬಂತು ಅಂತ ಮೈ ಬಿಗಿಯಾಗುತ್ತದೆ. ಆದರೆ ಇಬ್ಬರು ಹುಡುಗರು ಶಾರ್ಕ್‌ನ ಸುಳ್ಳು ಈಜುರೆಕ್ಕೆ ಇಟ್ಟುಕೊಂಡು ನೀರಿನಲ್ಲಿದ್ದವರನ್ನು ಹೆದರಿಸುವಾಗ ಆ ಸ್ವರ ಬರುವುದೇ ಇಲ್ಲ. ಸುಮ್ಮನಿದ್ದೇ ಎಷ್ಟು ಹೇಳಿದ ನೋಡು. ‘ಸ್ಟಾರ್ ವಾರ್ಸ್’ ಸಿನಿಮಾಗಳ ಖಳ ಡಾರ್ತ್ ವೇಡರ್‌ಗೆ 1980ರಲ್ಲಿ ಅವನೇ ಕೊಟ್ಟ ಅಬ್ಬರದ ಮಾರ್ಚ್, ಅಂದರೆ ಕವಾಯತಿನ ಸಂಗೀತ, ಇದೆಯಲ್ಲ, 1983ರ ಚಿತ್ರದಲ್ಲಿ ವೇಡರ್ ಸಾಯುವಾಗ ಅದೇ ಮಾರ್ಚ್ ಹಾರ್ಪ್ ಅನ್ನುವ ತಂತಿವಾದ್ಯದಲ್ಲಿ ಮೆಲ್ಲಗೆ ಬರುತ್ತದೆ. ಮಗನ ಎದುರು ಮುಖವಾಡ ಕಳಚಿದವನಿಗೆ ತುತ್ತೂರಿ ಬೇಕಾ?

ನಮ್ಮ ಪಂಪನನ್ನೂ ಮತ್ತೆ ಓದು. ದ್ರೌಪದಿಯ ಮುಡಿ. ಸಭೆಯಲ್ಲಿ ಅದನ್ನು ಹಿಡಿದು ಎಳೆಯುತ್ತಾರೆ. ಆಮೇಲೆ ಅದು ಬಿಚ್ಚಿಯೇ ಇರುತ್ತದೆ. ದುಶ್ಶಾಸನನನ್ನು ಕೊಂದ ಮೇಲೆ ಭೀಮ ಅದನ್ನು ಕಟ್ಟುತ್ತಾನೆ. ಅದೇ ಕೂದಲು. ನಡುವೆ ಒಂದು ಯುದ್ಧವೇ ನಡೆದಿದೆ.

ಇನ್ನೊಂದು ವಿಷಯ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಸಹಿಸಿಕೋ. ನಾನು ಬರೆಯಲು ಶುರು ಮಾಡಿದ ಕಾಲದಲ್ಲಿ ಒಂದು ವಾರಪತ್ರಿಕೆಗೆ ಕಥೆ ಕಳಿಸಿದ್ದೆ. ಅದರಲ್ಲೊಂದು ಒರಳುಕಲ್ಲು. ಅತ್ತೆಯ ಕಾಲದಲ್ಲಿ ಬೆಳಗಿನ ಜಾವ ಅದರ ಸದ್ದಿಗೇ ಮನೆ ಏಳುತ್ತದೆ. ಗ್ರೈಂಡರ್ ಬಂದ ಮೇಲೆ ಹಿತ್ತಲಿಗೆ ಹೋಗುತ್ತದೆ. ಕೊನೆಗೆ ಗುಂಡಿಯಲ್ಲಿ ಮಳೆನೀರು ನಿಂತಿರುತ್ತದೆ, ಕಾಗೆ ಬಂದು ಕುಡಿಯುತ್ತದೆ. ಕಥೆ ಅಲ್ಲಿಗೆ ಮುಗಿದಿತ್ತು. ಅಚ್ಚಾಗಿ ಬಂದಾಗ ನೋಡಿದರೆ ಕೆಳಗೆ ಇನ್ನೊಂದು ಸಾಲು: ‘ಹೆಣ್ಣಿನ ಬಾಳೂ ಈ ಒರಳುಕಲ್ಲಿನಂತೆಯೇ ಅಲ್ಲವೇ?’ ಸಂಪಾದಕರು ಸೇರಿಸಿದ್ದು. ಕೇಳಿದ್ದಕ್ಕೆ ‘ಓದುಗರಿಗೆ ಅರ್ಥ ಆಗಬೇಕಲ್ಲಮ್ಮಾ’ ಅಂದರು. ವಿಮರ್ಶಕರೊಬ್ಬರು ಬೇರೆಲ್ಲ ಬಿಟ್ಟು ಆ ಸಾಲನ್ನೇ ಎತ್ತಿ ಹೊಗಳಿದರು. ನನ್ನ ಹೆಸರಿಗೆ ಬಂದ ಮೊದಲ ಹೊಗಳಿಕೆ ಅದು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನಿನಗೆ ಅಂಥ ಸಂಪಾದಕರೂ ಬೇಕಾಗಿಲ್ಲ. ಆ ಸಾಲನ್ನು ನೀನೇ ಬರೆದುಕೊಂಡಿದ್ದೀಯ. ‘ಕಾಲ ಯಾರಿಗೂ ಕಾಯುವುದಿಲ್ಲ ಎಂದು ವಾಚು ಸಾರುತ್ತಿತ್ತು.’ ಯಾಕೋ ಇದು? ಓದುಗರು ದಡ್ಡರಾ? ವಾಚಿಗೆ ಅರ್ಥ ಹೇಳಿದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಅಳಿಸಬೇಕು ಅಂತಿದ್ದರೆ ಅವನ್ನು ಅಳಿಸು.

ಈಗ ಹನ್ನೊಂದನೇ ಅಧ್ಯಾಯ. ನಿನ್ನನ್ನು ಬಿಡಬಾರದು ಅಂತ ನನಗೆ ಅನ್ನಿಸಿದ್ದು ಅಲ್ಲಿ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ವಾಚು ಜೋಡಿಸಿಕೊಂಡೇ ಬದುಕಿದ ಅಪ್ಪ ವಿಆರ್‌ಎಸ್ ತಗೊಂಡ ಮಾರನೇ ಬೆಳಗ್ಗೆ. ಎಂದಿನ ಹೊತ್ತಿಗೇ ಎದ್ದು ಮಂಚದ ಅಂಚಿಗೆ ಕೂರುತ್ತಾನೆ. ತನ್ನ ‘ಜನತಾ’ ವಾಚನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳು, ತೋರುಬೆರಳಿನಲ್ಲಿ ಕೀ ಕೊಡುತ್ತಾನೆ. ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸುತ್ತಾನೆ. ಕಿವಿಗೆ ಹಿಡಿಯುತ್ತಾನೆ. ಆಮೇಲೆ ಕೈಗೆ ಕಟ್ಟಿಕೊಳ್ಳದೆ ಸ್ಟ್ಯಾಂಡಿನ ಮೇಲಿಟ್ಟು ಹಾಲು ತರೋಕೆ ಹೋಗುತ್ತಾನೆ. ಅಷ್ಟೇ ಬರೆದಿದ್ದೀಯ, ಒಂದು ಮಾತೂ ಹೆಚ್ಚಿಲ್ಲ. ಇದನ್ನು ಬರೆದವನೇ ಹನ್ನೆರಡನೇ ಅಧ್ಯಾಯದಲ್ಲಿ ಮತ್ತೆ ‘ಟಿಕ್ ಟಿಕ್’ ಅನ್ನುತ್ತಾನಲ್ಲ!

ಕೀ ಕೊಡುವ ವಾಚಿಗೆ ದಿನಾ ಒಬ್ಬರು ಬೇಕು. ಬಿಟ್ಟರೆ ಒಂದೆರಡು ದಿನಕ್ಕೆ ನಿಂತುಹೋಗುತ್ತದೆ. ಇಷ್ಟು ಒಳ್ಳೆಯ ವಸ್ತು ಕೈಯಲ್ಲಿಟ್ಟುಕೊಂಡು ನೀನು ಅದನ್ನು ಬರೀ ಸದ್ದು ಮಾಡಲು ಬಳಸಿದ್ದೀಯ. ಅಪ್ಪ ಆಸ್ಪತ್ರೆ ಸೇರಿದ ವಾರ ಮನೆಯಲ್ಲಿ ಅದಕ್ಕೆ ಕೀ ಕೊಟ್ಟವರು ಯಾರು? ಅಮ್ಮನಾ? ಅವಳಿಗೆ ಆ ಬಿಗಿ ಗೊತ್ತಾ? ಯಾರೂ ಕೊಡದೆ ನಿಂತಿದ್ದರೆ ಅದನ್ನು ಮೊದಲು ನೋಡಿದವರು ಯಾರು? ಅಪ್ಪ ಮನೆಗೆ ಬಂದಾಗ ಅದು ಎಷ್ಟು ಗಂಟೆ ತೋರಿಸುತ್ತಿತ್ತು, ಅದನ್ನು ನೋಡಿ ಅವನು ಏನಾದರೂ ಅಂದನಾ? ನಿನ್ನ ಕಾದಂಬರಿಯಲ್ಲಿ ಆ ವಾರ ವಾಚೇ ಇಲ್ಲ. ಬೇಕೆಂದೇ ಬಿಟ್ಟಿದ್ದರೆ ಸಂತೋಷ. ಮರೆತಿದ್ದೀಯ ಅಂತ ನನಗೆ ಅನುಮಾನ.

ಪೂರ್ತಿ ತಿದ್ದಿ ಕಳಿಸೋಕೆ ಹೋಗಬೇಡ. ಹನ್ನೆರಡನೇ ಅಧ್ಯಾಯ ಮತ್ತು ಆಸ್ಪತ್ರೆಯ ವಾರ, ಇವೆರಡನ್ನು ಹೊಸದಾಗಿ ಬರೆದು ತಗೊಂಡು ಬಾ. ಭಾನುವಾರ ಬೆಳಗ್ಗೆ ನಾನು ಮನೆಯಲ್ಲೇ ಇರುತ್ತೇನೆ. ಪ್ರಿಂಟ್ ತೆಗೆಸಿಕೊಂಡು ಬಾ, ಮೊಬೈಲ್‌ನಲ್ಲಿ ಓದೋಕೆ ನನಗಾಗಲ್ಲ. ತಿಂಡಿ ಇಲ್ಲೇ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಪ್ರೀತಿಯಿಂದ,
ಅಕ್ಕ