ಏಳು ಜಾಗದ ಪಟ್ಟಿ ನೋಡಿದೆ, ಪುಟ್ಟಾ

ಪುಟ್ಟಾ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ನಿನ್ನ ಅತ್ತೆಗೂ ಓದಿ ಹೇಳಿದೆ, ಒಲೆ ಮುಂದೆ ನಿಂತಲ್ಲೇ ನಕ್ಕಳು. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಎರಡೇ ದಿನದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಕುದುರೆಮುಖ, ಚಾರ್ಮಾಡಿ, ವಾಪಸ್ ಹೋಗುವಾಗ ಸಕಲೇಶಪುರದ ಮಂಜರಾಬಾದ್ ಕೋಟೆ. ಅಲ್ಲ ಮಾರಾಯ, ಹೆಲಿಕಾಪ್ಟರ್ ಏನಾದರೂ ಬಾಡಿಗೆಗೆ ತಗೊಂಡಿದ್ದೀಯಾ?

ಮ್ಯಾಪ್‌ನಲ್ಲಿ ಅರವತ್ತು ಕಿಲೋಮೀಟರ್ ಕಂಡರೆ ನಿನ್ನ ಲೆಕ್ಕಕ್ಕೆ ಒಂದು ಗಂಟೆ. ಇಲ್ಲಿ ಮಳೆ, ಮಂಜು, ತಿರುವು, ಮುಂದೊಂದು ಲೋಡ್ ಲಾರಿ, ನಡುವೆ ನಿಮ್ಮಲ್ಲೇ ಒಬ್ಬನಿಗೆ ವಾಂತಿ, ಎಲ್ಲ ಸೇರಿದರೆ ಎರಡೂವರೆ ಗಂಟೆ. ಕುದುರೆಮುಖ ಹತ್ತುವುದೇ ಒಂದು ಇಡೀ ದಿನದ ಕೆಲಸ, ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು ನಡಿಗೆ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಮೊದಲೇ ಬೇಕು. ಅದನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕು.

ರಾತ್ರಿ ಹೊರಡುವುದೂ ಬೇಡ. ಇಡೀ ವಾರ ಆಫೀಸಿನಲ್ಲಿ ಕೂತು ಸುಸ್ತಾದವರು ಬೆಳಗಿನ ಜಾವ ನಾಲ್ಕಕ್ಕೆ ಮಂಜಿನಲ್ಲಿ ಗಾಡಿ ಓಡಿಸುವುದು ಯಾವ ಬುದ್ಧಿವಂತಿಕೆ? ಮಂಜು ದಟ್ಟ ಆಯಿತು ಅಂತ ಹೈ ಬೀಮ್ ಹಾಕಬೇಡ, ಬೆಳಕೆಲ್ಲ ಮಂಜಿಗೆ ಬಡಿದು ನಿನ್ನ ಕಣ್ಣಿಗೇ ವಾಪಸ್ ಬರುತ್ತದೆ. ಲೈಟ್ ಕೆಳಗೆ ಇಳಿಸು, ನಿಧಾನ ಹೋಗು, ತಿರುವಿನಲ್ಲಿ ಹಾರ್ನ್ ಹೊಡಿ. ಕಿರಿದಾದ ಕಡೆ ಎದುರು ಗಾಡಿ ಏರುತ್ತಾ ಬರುತ್ತಿದ್ದರೆ ನೀನು ನಿಂತು ದಾರಿ ಬಿಡು.

ಇಳಿಯುವ ವಿಷಯ ಮಾತ್ರ ನಾನೇ ಪೆಟ್ಟು ತಿಂದು ಕಲಿತಿದ್ದು. ಎಸ್ಟೇಟಿನಲ್ಲಿ ಹೊಸದಾಗಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೆ, ಉಜಿರೆಯಲ್ಲಿ ಒಂದು ಮದುವೆ. ಹಳೇ ಜೀಪು ಕೇಳಿಕೊಂಡು ಹೊರಟೆ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ, ಡೀಸೆಲ್ ಉಳಿಯುತ್ತದೆ ಅಂತ ಗೇರು ನ್ಯೂಟ್ರಲ್‌ಗೆ ಬಿಟ್ಟು ಬರೀ ಬ್ರೇಕಿನ ಮೇಲೆ ಇಳಿಸುತ್ತಿದ್ದೆ. ಮೂರೋ ನಾಲ್ಕೋ ತಿರುವು ಕಳೆದ ಮೇಲೆ ಒಂದು ಥರ ಸುಟ್ಟ ಘಾಟು. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಕಾಲು ಮೆತ್ತಗೆ ನೆಲದವರೆಗೂ ಹೋಯಿತು. ಬಲಕ್ಕೆ ಕಣಿವೆ. ಗೇರು ಕರಕರ ಅನ್ನಿಸಿಕೊಂಡು ಹೇಗೋ ಸೆಕೆಂಡ್‌ಗೆ ಬಿತ್ತು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದೆ ಬಂದ ಲಾರಿ ಡ್ರೈವರ್ ಇಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡಿದ. ಬೈಯಲಿಲ್ಲ. "ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು" ಅಂತಷ್ಟೇ ಹೇಳಿ, ನನಗೊಂದು ಬೀಡಿ ಕೊಟ್ಟು ಹೋದ. ಮದುವೆ ಊಟ ತಪ್ಪಿತು.

ಮಳೆಗಾಲದಲ್ಲಿ ಆ ಘಾಟಿಯನ್ನು ನಂಬಿ ಪ್ಲಾನ್ ಮಾಡಲೇಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ತಿಂಗಳುಗಟ್ಟಲೆ ಬಂದ್ ಆಗಿತ್ತು. ರಸ್ತೆ ಬದಿಯ ನೀರು ಬೀಳುವ ಬಂಡೆ ಮೇಲೆ ಹತ್ತಿ ಕುಣಿಯುವವರನ್ನು ನೋಡಿದರೆ ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಪಾಚಿಗೆ ನಿನ್ನ ಬ್ರ್ಯಾಂಡೆಡ್ ಶೂ ಗೊತ್ತಾಗುವುದಿಲ್ಲ. ನಿನ್ನ ಗೆಳೆಯರು ಸಕಲೇಶಪುರದ ರೈಲು ಹಳಿ ಮೇಲೆ ನಡೆಯುವ ಮಾತಾಡಿದರೆ ಅದಕ್ಕೂ ಬೇಡ ಅನ್ನು. ಆ ದಾರಿಯಲ್ಲಿ 57 ಸುರಂಗ ಇವೆ, ನಡೆಯುವುದಕ್ಕೆ ನಿಷೇಧವೂ ಇದೆ. ಬೇಕಾದರೆ ಇನ್ನೊಮ್ಮೆ ಹಗಲಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ.

ಹಾಗಾದರೆ ನೋಡುವುದೇನು ಅಂತೀಯಾ? ಗಿರಿ ಒಂದೇ ಸಾಕು. ಈಗ ಗಾಡಿ ತಗೊಂಡು ಹೋಗಲು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಬೆಳಗಿನ ಸರದಿಯನ್ನೇ ಹಿಡಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಆದರೆ ಹೋದ ಕೂಡಲೇ ಏನೂ ಕಾಣುವುದಿಲ್ಲ, ಅದನ್ನು ತಿಳಿದುಕೊಂಡೇ ಹೋಗು. ನಿನ್ನ ಅಮ್ಮ ಮದುವೆಗೆ ಮೊದಲು ಒಮ್ಮೆ ನನ್ನ ಜೊತೆ ಬಂದಿದ್ದಳು. ಮೆಟ್ಟಿಲು ಹತ್ತಿ ಹೋದರೆ ಸುತ್ತ ಬರೀ ಬಿಳಿ. ಗಾಳಿಗೆ ಅವಳ ಸೆರಗು ಹಾರಿ ನನ್ನ ಮುಖಕ್ಕೇ ಬಡಿಯುತ್ತಿತ್ತು. ಜನ ಬಂದರು, ಬೈದುಕೊಂಡು ಇಳಿದರು. ನಾವು ಗುಡಿ ಗೋಡೆಗೆ ಒರಗಿ ಕೂತು ಬಾಳೆಲೆಯಲ್ಲಿ ಕಟ್ಟಿ ತಂದ ಅಕ್ಕಿರೊಟ್ಟಿ ತಿಂದೆವು. ಎರಡು ಗಂಟೆ ಆಗಿರಬೇಕು. ಇದ್ದಕ್ಕಿದ್ದ ಹಾಗೆ ಮಂಜು ಪರದೆ ಎಳೆದಂತೆ ಪಕ್ಕಕ್ಕೆ ಸರಿದು, ಹಸಿರು ಹುಲ್ಲಿನ ಇಳಿಜಾರು, ಅದರ ಸಂದಿನಲ್ಲಿ ಕಪ್ಪು ಶೋಲಾ ಕಾಡು, ನಾವು ಬಂದ ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಜೀಪು, ಎಲ್ಲ ಕಂಡವು. ಐದು ನಿಮಿಷ ಇರಬಹುದು. ಮತ್ತೆ ಮುಚ್ಚಿಕೊಂಡಿತು. ಅವಳು ಅದನ್ನು ಈಗಲೂ ಹೇಳುತ್ತಾಳೆ ಅಲ್ವಾ?

ಆ ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಬೋಳುಗುಡ್ಡ ಅಂತ ಕಾಣುತ್ತದೆ, ಆದರೆ ಮಳೆ ನೀರು ಹಿಡಿದು ಬೇಸಿಗೆಯವರೆಗೂ ಹಳ್ಳಕ್ಕೆ ಸ್ವಲ್ಪ ಸ್ವಲ್ಪ ಬಿಡುವುದು ಆ ಹುಲ್ಲು, ಆ ಶೋಲಾ. ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದರೆ ಹೇಮಾವತಿ, ಅಲ್ಲಿಂದ ಕಾವೇರಿ. ನಿಮ್ಮ ಬೆಂಗಳೂರಿನ ನಲ್ಲಿಗೆ ಬರುವುದು ಅದೇ ಕಾವೇರಿ. 2022ರಲ್ಲಿ ಗಿರಿ ತುಂಬ ಕುರಿಂಜಿ ಬಿಟ್ಟಾಗ ಜನ ಹೂವನ್ನು ಹಿಡಿ ಹಿಡಿ ಕಿತ್ತು ಫೋಟೋ ತೆಗೆಸಿಕೊಂಡರು. ಆ ಗಿಡ ವರ್ಷಗಟ್ಟಲೆ ಕಾದು ಒಂದೇ ಸಲ ಹೂ ಬಿಡುತ್ತದೆ, ಬೀಜ ಉದುರಿಸಿ ಸಾಯುತ್ತದೆ. ಹೂವೇ ಹೋದರೆ ಬೀಜ ಎಲ್ಲಿಂದ ಬರಬೇಕು? ನನಗೆ ಈಗಲೂ ಸಿಟ್ಟಿದೆ.

ಇಂಬಳ, ಅದೇ ಜಿಗಣೆ, ಹತ್ತಿದರೆ ಕಿರುಚಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ಜೇಬಿನಲ್ಲಿ ಒಂದು ಚೂರು ಉಪ್ಪು ಇಟ್ಟುಕೊಳ್ಳಿ. ಅದು ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಶನಿವಾರ ಬೆಳಗ್ಗೆ ಐದಕ್ಕೆ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೀರಿ. ಸಂಜೆ ಸುಮ್ನೆ ತೋಟದಲ್ಲಿ ತಿರುಗಾಡಿ, ಭಾನುವಾರ ಬೆಳಗ್ಗೆ ಗಿರಿ. ಕೋಟೆ ಬೇಕೇ ಬೇಕು ಅಂದರೆ ಸೋಮವಾರ ರಜೆ ಹಾಕು. ಎಷ್ಟು ಜನ ಅಂತ ಗುರುವಾರದೊಳಗೆ ತಿಳಿಸು, ನಿನ್ನ ಅತ್ತೆ ಕಡುಬಿಗೆ ಅಕ್ಕಿ ತರಿ ಮಾಡಿಸಬೇಕಂತೆ.

ನಿನ್ನ ಮಾವ
ಮೂಡಿಗೆರೆ