ಮಗಳಿಗೊಂದು ಪತ್ರ: ಉಳಿದ ಎಂಟು ಮರಿ ವಾಪಸ್ ಕೊಡಬೇಡ

ಪುಟ್ಟೀ,

ನಿನ್ನೆ ರಾತ್ರಿ ಎರಡು ಕೋಳಿಮರಿ ಸತ್ತವು ಅಂತ ನೀನು ಅಳುತ್ತಾ ಹೇಳುವಾಗ ಹಿಂದಿನಿಂದ ನಿಮ್ಮಪ್ಪ "ಬೇಡ ಅಂದ್ರೆ ಕೇಳಿದಳಾ" ಅಂದರು. ನಿನಗೆ ಕೇಳಿಸಬಾರದಿತ್ತು, ಕೇಳಿಸಿತು. ನೀನು ಫೋನ್ ಇಟ್ಟೆ. ಅವರ ಪರವಾಗಿ ನಾನೇನೂ ಹೇಳಲ್ಲ. ಸಿಟ್ಟು ಬಂದರೆ ಅವರ ಮೇಲೆ ಮಾಡಿಕೋ, ಕೋಳಿಗಳ ಮೇಲೆ ಬೇಡ. ಉಳಿದ ಎಂಟನ್ನೂ ವಾಪಸ್ ಕೊಟ್ಟುಬಿಡ್ತೀನಿ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ಮಾತಾಡಿದರೆ ನೀನು ಪೂರ್ತಿ ಹೇಳೋಕೆ ಬಿಡಲ್ಲ.

ನೀನು ಕಳಿಸಿದ ಚಿತ್ರ ನೋಡಿದೆ. ಚೌಕದ ರಟ್ಟಿನ ಡಬ್ಬ, ಮೇಲೊಂದು ಎಲ್‌ಇಡಿ ಬಲ್ಬು. ಆ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡಲ್ಲ. ಹಳೇ ಕಾಲದ ತಂತಿ ಬಲ್ಬು ಬೇಕು, ಮುಟ್ಟಿದರೆ ಕೈ ಚುರ್ ಅನ್ನುವಂಥದ್ದು. ಅರವತ್ತು ವ್ಯಾಟಿನದು ಸಾಕು. ಚಳಿಗೆ ಮರಿಗಳೆಲ್ಲ ಮೂಲೆ ಹಿಡಿದು ಒಂದರ ಮೇಲೊಂದು ಬಿದ್ದಿರುತ್ತವೆ, ಅಡಿಗೆ ಸಿಕ್ಕವು ಉಸಿರುಕಟ್ಟಿ ಹೋಗಿವೆ. ಅದು ರೋಗವೂ ಅಲ್ಲ, ನಿನ್ನ ಕೈಗುಣವೂ ಅಲ್ಲ. ರಟ್ಟನ್ನು ಗುಂಡಗೆ ಸುತ್ತಿ ನಿಲ್ಲಿಸು, ಮೂಲೆಯೇ ಇರಬಾರದು. ಕೆಳಗೆ ಭತ್ತದ ಹೊಟ್ಟು ಹರಡು. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ನಡುವೆ ಇಡು.

ಮೊದಲ ವಾರ 35 ಡಿಗ್ರಿ ಕಾವು ಅನ್ನುತ್ತಾರೆ, ಆಮೇಲೆ ವಾರಕ್ಕೆ ಮೂರರಂತೆ ಇಳಿಸೋದು. ಅದಕ್ಕೆ ಅಂತ ಥರ್ಮಾಮೀಟರ್ ತರಿಸೋಕೆ ಹೋಗಬೇಡ, ಮರಿಗಳನ್ನೇ ನೋಡು. ಬಲ್ಬಿನಡಿ ಒತ್ತಿಕೊಂಡು ಕಿಚಿಕಿಚಿ ಅಂತಿದ್ದರೆ ಚಳಿ. ಅಂಚಿಗೆ ಓಡಿ, ರೆಕ್ಕೆ ಬಿಚ್ಚಿ, ಬಾಯಿ ತೆರೆದಿದ್ದರೆ ಸೆಕೆ. ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಬಿದ್ದಿದ್ದರೆ ಸತ್ತಿವೆ ಅಂತ ಕಿರುಚಬೇಡ, ನಿದ್ದೆ ಮಾಡುತ್ತಿವೆ. ನೀನೂ ಹೋಗಿ ಮಲಗು.

ಮೈ ಬಿಸಿ ಇದೆ, ಜ್ವರ ಇರಬೇಕು ಅಂದೆ. ಕೋಳಿಯ ಮೈಯೇ ಹಾಗೆ, ಬೆಳೆದ ಕೋಳಿಗೆ 41 ಡಿಗ್ರಿ ಮೇಲೆಯೇ ಇರುತ್ತದೆ. ಬಸ್ಸಿನಲ್ಲಿ ತಂದ ದಿನ ಉಪವಾಸ ಬಿದ್ದವು ಅಂತ ಕೊರಗಿದ್ದೂ ಸುಮ್ನೆ. ಮೊಟ್ಟೆಯ ಹಳದಿ ಅವುಗಳ ಹೊಟ್ಟೆಯೊಳಗೇ ಸ್ವಲ್ಪ ಉಳಿದಿರುತ್ತದೆ, ಎರಡು ದಿನ ಅದರಲ್ಲೇ ನಡೆಯುತ್ತದೆ. ಮುಂದೆ ಒಂದು ದಿನ ಮಣ್ಣಿನಲ್ಲಿ ಕಣ್ಣು ಮೇಲೆ ಮಾಡಿ ಹೊರಳಾಡುತ್ತವೆ, ನೀನು ಮೂರ್ಛೆರೋಗ ಅಂದುಕೊಳ್ಳುತ್ತೀಯ. ಅದು ಅವುಗಳ ಸ್ನಾನ. ಹುಂಜ ಇಲ್ಲದಿದ್ದರೆ ಮೊಟ್ಟೆ ಬರುತ್ತಾ ಅಂತ ನಿಮ್ಮತ್ತೆ ಕೇಳಿದರಂತೆ. ಬರುತ್ತದೆ, ಮರಿ ಆಗಲ್ಲ ಅಷ್ಟೆ. ನೀನು ತಂದಿರೋದು ಸ್ವರ್ಣಧಾರ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಮ್ಮಂಥವರ ಹಿತ್ತಿಲಿಗೇ ಅಂತ ಮಾಡಿದ ತಳಿ, ಗಟ್ಟಿ. ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ. ನೀನು ಹೆದರಿದ ಮಾತ್ರಕ್ಕೆ ಅದು ಸಾಯಲ್ಲ.

ಹೆದರಬೇಕಾದ್ದು ಬೇರೆ ಇದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಊರಿಗೆ ಕೊಕ್ಕರೆ ರೋಗ ಬಂತು. ಈಗಿನವರು ರಾಣಿಖೇತ್ ಅಂತಾರೆ. ನಿಮ್ಮಜ್ಜಿ ಹತ್ತಿರ ಒಂದು ಕೆಂಪು ಹೇಟೆ ಇತ್ತು. ಮೂರು ಸಲ ಕಾವು ಕೂತು ಮರಿ ಎಬ್ಬಿಸಿತ್ತು, ಹದ್ದು ಬಂದರೆ ಎದುರು ಹಾರುತ್ತಿತ್ತು. ಒಂದು ಬೆಳಿಗ್ಗೆ ಮಂಕರಿ ಎತ್ತಿದರೆ ಹೊರಗೇ ಬರಲಿಲ್ಲ. ಬಿಳಿ ಹಸಿರು ಬೆರೆತ ನೀರು ನೀರು ಹಿಕ್ಕೆ. ಮಾರನೇ ದಿನ ಕುತ್ತಿಗೆ ತಿರುಚಿಕೊಂಡಿತು. ಕೊಕ್ಕು ಬೆನ್ನ ಕಡೆ, ಕಣ್ಣು ಆಕಾಶಕ್ಕೆ. ಕಾಳು ಕಾಣುತ್ತಿತ್ತು, ಕುಕ್ಕೋಕೆ ಹೋದರೆ ತಲೆ ಬೇರೆ ಕಡೆ ಹೋಗುತ್ತಿತ್ತು. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, ಬೆರಳಲ್ಲಿ ಕೊಕ್ಕು ಬಿಡಿಸಿ, ಮಜ್ಜಿಗೆ ಹನಿ ಹಾಕುತ್ತಿದ್ದರು. ಅರ್ಧ ಒಳಗೆ, ಅರ್ಧ ಸೀರೆ ಮೇಲೆ. ವಾರ ತುಂಬುವುದರೊಳಗೆ ಹಿತ್ತಿಲು ಖಾಲಿ. ಬೀದಿಯವರು ಯಾರೋ ಬಂದು "ಸಾಯೋ ಮುಂಚೆ ಕೊಡಿ, ಅರ್ಧ ರೇಟಿಗೆ ತಗೋತೀವಿ" ಅಂದರು. ಅವ್ವ ಕೊಡಲಿಲ್ಲ. ಸುಣ್ಣ ಹಾಕಿ ಹೂತರು. ಮೊಟ್ಟೆ ದುಡ್ಡು ಅವರದು, ತಾತ ಅದರ ಲೆಕ್ಕ ಕೇಳುತ್ತಿರಲಿಲ್ಲ. ನನ್ನ ನೋಟ್‌ಬುಕ್, ಹಬ್ಬದ ಬಳೆ ಎಲ್ಲ ಅದರಲ್ಲೇ ಬರುತ್ತಿತ್ತು. ಆ ವರ್ಷ ಯಾವುದೂ ಬರಲಿಲ್ಲ. ಅದು ದೊಡ್ಡದಲ್ಲ ಬಿಡು. ಆ ಹೇಟೆ ತಲೆ ತಿರುಗಿಸಿಕೊಂಡೇ ಅವ್ವನ ಸದ್ದು ಬಂದ ಕಡೆ ನಡೆಯೋಕೆ ನೋಡಿ ಸುತ್ತು ಹೊಡೆದು ಬೀಳುತ್ತಿತ್ತಲ್ಲ, ಅದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಈ ರೋಗ ಬಂದ ಮೇಲೆ ಔಷಧಿ ಇಲ್ಲ. ಬರುವ ಮುಂಚೆ ಲಸಿಕೆ ಇದೆ. ನಿನ್ನ ಮರಿಗೆ ಈಗ ಐದು ದಿನ. ಏಳು ದಿನದೊಳಗೆ ಲಸೋಟಾ ಅನ್ನೋ ಲಸಿಕೆ ಹಾಕಿಸು, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರ ಇನ್ನೊಂದು ಸಲ. ಎರಡು ತಿಂಗಳು ತುಂಬಿದಾಗ ಚರ್ಮದಡಿ ಇಂಜೆಕ್ಷನ್. ಸೀಸೆ ಒಂದಕ್ಕೆ ನೂರು ಕೋಳಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟಕ್ಕೆ ಯಾರು ಒಡೆಯುತ್ತಾರೆ ಅಂತ ಸುಮ್ಮನಾಗಬೇಡ. ಪಶು ಆಸ್ಪತ್ರೆಯಲ್ಲಿ ಕೇಳು, ಅಕ್ಕಪಕ್ಕ ಸಾಕಿದವರನ್ನು ಸೇರಿಸಿಕೋ. ತರುವಾಗ ಐಸ್‌ನಲ್ಲೇ ತರಬೇಕು, ಬಿಸಿಲಿಗೆ ಹಿಡಿದರೆ ನೀರು ಹಾಕಿದ ಹಾಗೇ. ನಾಳೆ ಅನ್ನಬೇಡ. ನಿನ್ನ "ನಾಳೆ" ನನಗೆ ಗೊತ್ತು. ಆ ಸ್ಕೂಟರ್ ಇನ್ಶೂರೆನ್ಸ್ ಕಥೆ ಈಗ ಎತ್ತಲ್ಲ.

ನೋಡು, ಉಪದೇಶ ಶುರುವಾಯಿತು. ಇರಲಿ, ಇನ್ನೊಂದು ಹೇಳಿಬಿಡುತ್ತೇನೆ. ಹಕ್ಕಿಜ್ವರ ಅಂತ ನಿಮ್ಮತ್ತೆ ಹೆದರೋದು ತಪ್ಪಲ್ಲ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಬಂದಿತ್ತು. ಒಂದೇ ಸಮ ಕೋಳಿಗಳು ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಗೂಡಿನ ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆ. ನಿಮ್ಮತ್ತೆಗೂ ಇದನ್ನೇ ಹೇಳು, ಸಮಾಧಾನ ಆಗುತ್ತದೆ. ಎಂಟರಲ್ಲಿ ಇನ್ನೊಂದೆರಡು ಹೋದರೂ ಹೋಗಬಹುದು, ಬೆಕ್ಕಿಗೋ ಮುಂಗುಸಿಗೋ. ಎಷ್ಟು ವರ್ಷ ಸಾಕಿದವರಿಗೂ ಹೋಗುತ್ತವೆ.

ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಬಂದವಳು ರಾತ್ರಿ ಎರಡಕ್ಕೆ ಎದ್ದು ಮರಿಗಳನ್ನು ನೋಡಿದೆಯಂತೆ. ಕಾಲೇಜಿನಲ್ಲಿದ್ದಾಗ ಎಂಟಕ್ಕೂ ಏಳದವಳು! ಅಳಿಯಂದಿರು ಹೇಳಿದರು. ನಾನು ಎದುರು ಮನೆಯವರಿಗೂ ಹೇಳಿದೆ.

ಇನ್ನು ಗೂಡು. ಕೋಳಿಜಾಲರಿ ತೆಳ್ಳಗಿರುತ್ತದೆ, ನಾಯಿ ಕಚ್ಚಿ ಹರಿಯುತ್ತದೆ. ಸಣ್ಣ ಕಣ್ಣಿನ ವೆಲ್ಡ್ ಜಾಲರಿ ಹಾಕಿಸಬೇಕು, ನೆಲದೊಳಕ್ಕೆ ಒಂದಡಿ ಹೋಗಬೇಕು, ಇಲ್ಲದಿದ್ದರೆ ಹೆಗ್ಗಣ ಕೆರೆದು ನುಗ್ಗುತ್ತದೆ. ನೀನು ಕೊಳ್ಳಬೇಡ. ನಿಮ್ಮಪ್ಪ ಬೆಳಿಗ್ಗೆ ಎದ್ದವರೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಸುರುಳಿ ತಂದು ಜಗಲಿ ಮೇಲೆ ಇಟ್ಟಿದ್ದಾರೆ. ಯಾಕೆ ಅಂದರೆ "ಇರಲಿ" ಅಂದರು. ಭಾನುವಾರ ಮೊದಲ ಬಸ್ಸಿಗೆ ಬರುತ್ತಾರಂತೆ. ನೀನೂ ಏನೂ ಕೇಳಬೇಡ. ಸುತ್ತಿಗೆ, ಕಟಿಂಗ್ ಪ್ಲೇಯರ್ ತೆಗೆದಿಡು, ತಿಂಡಿಗೆ ಉಪ್ಪಿಟ್ಟು ಮಾತ್ರ ಮಾಡಬೇಡ.

ಇಂತಿ,
ಅಮ್ಮ