ನಗೆಗೂ ಟಿಪ್ಪಣಿ ಬೇಕಾಗುವ ಕಾಲ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕಳೆದ ವಾರ ಈ ಅಂಕಣದಲ್ಲಿ ಹಿರಿಯ ಓದುಗರೊಬ್ಬರು, ಈಗಿನ ಹುಡುಗರಿಗೆ ಕನ್ನಡದ ಹಾಸ್ಯ ರುಚಿಸುವುದಿಲ್ಲ, ಅವರ ನಗೆಯೆಲ್ಲ ಮೊಬೈಲಿನ ಅರ್ಧ ನಿಮಿಷದ ತುಣುಕುಗಳಲ್ಲೇ ಮುಗಿದುಹೋಗುತ್ತದೆ ಎಂದು ವಿಷಾದದಿಂದ ಬರೆದಿದ್ದರು. ಎರಡು ವರ್ಷಗಳ ಹಿಂದಾಗಿದ್ದರೆ ಆ ಪತ್ರಕ್ಕೆ ನನ್ನ ಸಹಿಯನ್ನೂ ಸೇರಿಸಿ ಎಂದು ಕೇಳುತ್ತಿದ್ದೆ. ಮೂರು ದಶಕ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳಿಗೆ ಇಂಥ ದೂರು ಬಾಯಿಪಾಠವಾಗಿಯೇ ಇರುತ್ತದೆ. ಆದರೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ರಜೆಗೆಂದು ಮೈಸೂರಿಗೆ ಬಂದಾಗಲೆಲ್ಲ, ರಾತ್ರಿ ಊಟವಾದ ಮೇಲೆ ನಾವಿಬ್ಬರೂ ನಮ್ಮ ನಮ್ಮ ಮೆಚ್ಚಿನ ಹಾಸ್ಯವನ್ನು ಒಬ್ಬರಿಗೊಬ್ಬರು ಓದಿ, ಕೇಳಿಸಿ, ತೋರಿಸುವ ಪರಿಪಾಠವೊಂದು ತಾನಾಗಿ ಬೆಳೆದುಬಂದು, ಆ ದೂರಿನ ಗಂಟು ಒಂದೊಂದಾಗಿ ಸಡಿಲವಾಗುತ್ತಿದೆ. ಅದನ್ನೇ ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಕೈಲಾಸಂ ಅವರಿಂದ. 1946ರಲ್ಲಿ ತೀರಿಕೊಂಡ ಆ ಮಹಾನುಭಾವರ ನಾಟಕಗಳನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗಲೆಲ್ಲ ಮಕ್ಕಳು ಬೆಂಚು ಬಡಿದು ನಕ್ಕಿದ್ದನ್ನು ಕಂಡವಳು. ಮೊಮ್ಮಗಳ ಮುಂದೆಯೂ ಅದೇ ಹುಮ್ಮಸ್ಸಿನಿಂದ ಓದಿದೆ. ಅವಳು ಸೌಜನ್ಯಕ್ಕೆ ತುಟಿ ಅರಳಿಸಿ, "ಅಜ್ಜಿ, ಇದರಲ್ಲಿ ತಮಾಷೆ ಎಲ್ಲಿದೆ? ನಾವು ಮಾತಾಡೋದೇ ಹೀಗಲ್ವಾ?" ಎಂದಳು. ನನಗೆ ಉತ್ತರ ತೋಚಲಿಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡದ ಪ್ರತ್ಯಯಗಳಿಗೆ ಗಂಟುಹಾಕಿ ಮಾತನಾಡುವ ಓದಿದವರ ಸಂಸಾರವನ್ನು ರಂಗದ ಮೇಲೆ ತಂದು ನಿಲ್ಲಿಸಿದ್ದೇ ಆ ನಾಟಕಗಳ ಅರ್ಧ ಹಾಸ್ಯ. ಗ್ರಾಂಥಿಕ ಭಾಷೆಯ ನಾಟಕಗಳಿಗೆ ಒಗ್ಗಿದ್ದ ಕಿವಿಗೆ ಆ ಮಾತು ಕಚಗುಳಿ ಇಟ್ಟಿರಬೇಕು. ನೂರು ವರ್ಷದಲ್ಲಿ ಆ ಕಲಬೆರಕೆ ಮಾತೇ ಬೆಂಗಳೂರಿನ ಮನೆಮಾತಾಯಿತು. ಹುಡುಗಿಯ ಹಾಸ್ಯಪ್ರಜ್ಞೆಯಲ್ಲಿ ಕೊರತೆಯಿಲ್ಲ. ಕೈಲಾಸಂ ಲೇವಡಿ ಮಾಡಿದ ಲೋಕ ಗೆದ್ದುಬಿಟ್ಟಿದೆ, ಅಷ್ಟೆ. ಗೆದ್ದವರಿಗೆ ತಮ್ಮ ಮಾತಿನಲ್ಲಿ ನಗುವಂಥದ್ದೇನು ಕಾಣಿಸೀತು?

ಅವರ 'ಕೋಳೀಕೆ ರಂಗ' ಹಾಡಿನದು ಇನ್ನೊಂದು ಕಥೆ. ರಂಗ ತನ್ನ ಹೆಸರಿನ ಅಕ್ಷರಗಳನ್ನು ಬಿಡಿಬಿಡಿಸಿ, ಏತ್ವ, ಓತ್ವವೆಂಬ ಸ್ವರಚಿಹ್ನೆಗಳ ಸಮೇತ ಒಪ್ಪಿಸುವುದೇ ಅದರ ಗಮ್ಮತ್ತು. ಕಾಗುಣಿತವನ್ನು ರಾಗವಾಗಿ ಕೂಗಿ ಬೆಳೆದ ನಮ್ಮಂಥವರಿಗೆ ಅದು ಕೇಳಿದೊಡನೆ ಹೊಳೆಯುತ್ತದೆ. ಕನ್ನಡವನ್ನು ಎರಡನೆಯ ಭಾಷೆಯಾಗಿ, ಅಂಕದ ಮಟ್ಟಿಗೆ ಓದಿದವರಿಗೆ ಏತ್ವವೆಂದರೇನೆಂದು ಮೊದಲು ಹೇಳಬೇಕಾಗುತ್ತದೆ. ಹೇಳಿದೆ; ಐದು ನಿಮಿಷವೂ ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ಅವಳು ತನ್ನ ಹೆಸರನ್ನೇ ಆ ಧಾಟಿಗೆ ಕೂರಿಸಿಕೊಂಡು ಹಾಡುತ್ತಿದ್ದಳು. ನರಸಿಂಹರಾಜು ಅವರ ವಿಷಯದಲ್ಲಿ ಈ ಪಾಠವೂ ಬೇಕಾಗಲಿಲ್ಲ. 1954ರ ಬೇಡರ ಕಣ್ಣಪ್ಪದಿಂದ ಆರಂಭಿಸಿ ಎರಡು ತಲೆಮಾರನ್ನು ನಗಿಸಿದ ಆ ತೆಳ್ಳನೆಯ ದೇಹ ತೆರೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಮೊಮ್ಮಗಳಿಗೆ ಬಿಕ್ಕಳಿಕೆ ಬರುವಷ್ಟು ನಗು. ಮಾತಿನ ಹಾಸ್ಯಕ್ಕೆ ಬೇಗ ವಯಸ್ಸಾಗುತ್ತದೆ, ಮೈಯ ಹಾಸ್ಯಕ್ಕೆ ನಿಧಾನವಾಗಿ ಆಗುತ್ತದೆ ಎಂದು ಈಗ ನನಗನ್ನಿಸುತ್ತಿದೆ.

ಇಬ್ಬರೂ ಒಂದೇ ಕಡೆ ನಕ್ಕದ್ದು ಮಾತ್ರ ನಾವು ಎಣಿಸದಿದ್ದ ಜಾಗದಲ್ಲಿ. 1990ರಲ್ಲಿ ಬಂದ 'ಗಣೇಶನ ಮದುವೆ'ಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಅದನ್ನು ಹಾಕಿದಾಗ ಮೊಮ್ಮಗಳು ಕೇಳಿದ ಮೊದಲ ಪ್ರಶ್ನೆ, "ವಠಾರ ಅಂದ್ರೆ ಅಪಾರ್ಟ್‌ಮೆಂಟಾ?" ಎಂಬುದು. ಒಂದೇ ಅಂಗಳ, ಒಂದೇ ನಲ್ಲಿ, ತೆಳುಗೋಡೆಯಾಚೆ ಒಗ್ಗರಣೆ ಸಿಡಿದರೆ ಈಚೆ ಸೀನು, ತಿಂಗಳ ಮೊದಲ ವಾರ ಮಾಲೀಕರ ಕಣ್ಣು ತಪ್ಪಿಸಿ ಓಡಾಡುವ ಬಾಡಿಗೆದಾರ – ಇಷ್ಟನ್ನೂ ವಿವರಿಸುವಷ್ಟರಲ್ಲಿ ಚಿತ್ರ ಅರ್ಧ ಮುಗಿದಿತ್ತು. ಅವಳು ನಕ್ಕಳು, ಆದರೆ ಒಂದು ಗಳಿಗೆ ತಡವಾಗಿ, ತರ್ಜುಮೆ ಮಾಡಿಕೊಂಡು ನಗುವವರಂತೆ. ಅದಾದ ಕೆಲವು ತಿಂಗಳಿಗೆ ನಾನು ಬೆಂಗಳೂರಿಗೆ ಹೋದಾಗ ಅವಳು ನನ್ನನ್ನು ಸ್ಟ್ಯಾಂಡ್‌ಅಪ್ ಹಾಸ್ಯದ ಕಾರ್ಯಕ್ರಮವೊಂದಕ್ಕೆ ಕರೆದೊಯ್ದಳು. ಆ ಸಭಾಂಗಣದಲ್ಲಿ ತಲೆ ನರೆತವಳು ನಾನೊಬ್ಬಳೇ. ಮೈಕು ಹಿಡಿದ ಹುಡುಗ ಅಪ್ರೈಸಲ್ಲು, ಲೇಆಫು ಎನ್ನುತ್ತಿದ್ದಂತೆ ಸುತ್ತಲಿನವರೆಲ್ಲ ಬಿದ್ದುಬಿದ್ದು ನಗುತ್ತಿದ್ದರು. ನಾನು ಪರವೂರಿನ ಮದುವೆಮನೆಯಲ್ಲಿ ಕೂತವಳ ಹಾಗೆ ಎಲ್ಲರ ಮುಖ ನೋಡುತ್ತಿದ್ದೆ. ಆಮೇಲೆ ಅವನು ತನ್ನ ಪಿ.ಜಿ. ಮಾಲೀಕರ ವಿಷಯ ತೆಗೆದ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಿಸಿನೀರು ನಿಲ್ಲಿಸುವುದು, ಅನ್ನದ ಮೇಲೆ ಕಣ್ಣಿಡುವುದು, ಮುಂಗಡ ಹಣ ಕೇಳಿದ ಕೂಡಲೇ ಕಿವಿ ಮಂದವಾಗುವುದು. ಸಂಪಾದಕರೇ, ಆತ ನಮ್ಮ ವಠಾರದ ಮಾಲೀಕರೇ! ಪಂಚೆ ಬಿಟ್ಟು ಪ್ಯಾಂಟು ಹಾಕಿದ್ದಾರೆ, ಬಾಡಿಗೆಯನ್ನು ಫೋನಿನಲ್ಲಿ ಹಾಕಿಸಿಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಪಕ್ಕದ ಕುರ್ಚಿಯ ಹುಡುಗ ಗಾಬರಿಯಿಂದ ನೀರಿನ ಬಾಟಲಿ ಚಾಚಿದ.

ಹಳೆಯದೆಲ್ಲ ಹೀಗೆ ಉಳಿಯಬೇಕೆಂದು ನಾನು ವಾದಿಸುತ್ತಿಲ್ಲ. ನಾವು ಮೆಚ್ಚಿದ ಎಷ್ಟೋ ಹಾಸ್ಯ ತೊದಲುವವರನ್ನು, ಕಪ್ಪು ಬಣ್ಣದವರನ್ನು, ದಪ್ಪಗಿರುವವರನ್ನು ಬಳಸಿಕೊಂಡೇ ನಡೆದಿದೆ. ನನ್ನ ತರಗತಿಯಲ್ಲಿ ತೊದಲುತ್ತಿದ್ದ ಹುಡುಗನೊಬ್ಬನನ್ನು ಉಳಿದವರು ಸಿನಿಮಾದ ಹಾಸ್ಯಪಾತ್ರದ ಹೆಸರಿನಿಂದ ಕರೆಯುತ್ತಿದ್ದರು. ಗದರಿಸಬೇಕಾದ ನಾನು ಒಂದೆರಡು ಸಲ ನಗು ತಡೆದುಕೊಂಡದ್ದು ಅವನ ಕಣ್ಣಿಗೆ ಬೀಳದಿರಲಾರದು. ಇನ್ನು ಹಾಸ್ಯೋತ್ಸವಗಳ ವೇದಿಕೆಯಲ್ಲಿ ಹೆಂಡತಿಯ ಮೇಲಿನ ಜೋಕುಗಳು! ಒಂದು ಧ್ವನಿಮುದ್ರಿಕೆ ಕೇಳುತ್ತಾ ಮೊಮ್ಮಗಳು, "ನೀನೂ ಇದಕ್ಕೆಲ್ಲ ನಗ್ತಿದ್ದೆಯಾ ಅಜ್ಜಿ?" ಎಂದು ಕೇಳಿದಳು. ನಗುತ್ತಿದ್ದೆ. ಎರಡನೆಯ ಸಾಲಿನಲ್ಲಿ ಗಂಡನ ಪಕ್ಕ ಕೂತು, ನಗದಿದ್ದರೆ ಗಂಟುಮೋರೆಯವಳು ಅನ್ನಿಸಿಕೊಳ್ಳಬೇಕಾಗುತ್ತದೆಂದು ನಗುತ್ತಿದ್ದೆ. ನಕ್ಕು ನಕ್ಕು ಅದು ನಿಜವಾಗಿಯೂ ತಮಾಷೆಯೆಂದೇ ಅನ್ನಿಸತೊಡಗಿತ್ತು. ಆದರೆ ಒಂದು ದೃಶ್ಯದ ಕಾರಣಕ್ಕೆ ಇಡೀ ಚಿತ್ರವನ್ನೇ ಬದಿಗಿಡಬೇಕೆಂಬ ಅವಳ ನಿಲುವನ್ನು ನಾನು ಒಪ್ಪಿಲ್ಲ. ಅಕ್ಕಿಯಲ್ಲಿ ಕಲ್ಲಿದೆಯೆಂದು ಮೂಟೆಯನ್ನು ತಿಪ್ಪೆಗೆ ಸುರಿಯುತ್ತೇವೆಯೇ ಎಂದರೆ, "ಇಷ್ಟು ವರ್ಷ ಆರಿಸದೆ ಬೇಯಿಸಿದವರು ಯಾರು?" ಎನ್ನುತ್ತಾಳೆ. ಈ ಜಗಳ ಇನ್ನೂ ನಡೆಯುತ್ತಿದೆ.

ಅವಳ ಪಾಳಿಯ ಪಾಠಗಳಲ್ಲಿ ನಾನು ಮಂದ ವಿದ್ಯಾರ್ಥಿನಿ. ಮೀಮು ಎಂಬುದು ನನಗೆ ಮೊದಲು ಬರೀ ಒಂದು ಚಿತ್ರ, ಕೆಳಗೊಂದು ಸಾಲಾಗಿ ಕಾಣುತ್ತಿತ್ತು. ಒಂದೇ ಚಿತ್ರವನ್ನು ಬೇರೆ ಬೇರೆ ಸಂದರ್ಭಕ್ಕೆ ಅಂಟಿಸುವುದರಲ್ಲೇ ಅದರ ಸ್ವಾರಸ್ಯವಿದೆ, ಹಿಂದಿನದನ್ನು ಬಲ್ಲವರಿಗೆ ಮಾತ್ರ ಇಂದಿನದು ಹೊಳೆಯುತ್ತದೆ ಎಂದು ಅವಳು ತಿಳಿಸಿಕೊಟ್ಟ ಮೇಲೆ, ಇದು ನಮ್ಮ ಗಾದೆಗಳ ಕೆಲಸವಲ್ಲವೇ ಎನ್ನಿಸಿತು. "ಕುಂಬಳಕಾಯಿ ಕಳ್ಳ" ಎಂದಷ್ಟೇ ಹೇಳಿ ಸುಮ್ಮನಾದರೆ ಹೆಗಲು ಮುಟ್ಟಿಕೊಂಡದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಿದ್ದರು. ತಮಾಷೆಯೆಂದರೆ, ಅವಳ ಮೀಮುಗಳಲ್ಲಿ ನಮ್ಮ ಕಾಲದ ನಟರ ಮುಖಗಳು ಧಾರಾಳವಾಗಿವೆ. ಚಿತ್ರ ನೋಡುವ ಮೊದಲೇ ಅವಳಿಗೆ ಆ ಮುಖಗಳ ಪರಿಚಯವಿತ್ತು.

ಹಿಂದಿನವರು ಹಾಸ್ಯವನ್ನು ಮುಂದಿನವರಿಗೆ ದಾಟಿಸಿದ ಬಗೆಯನ್ನು ನೆನೆದರೆ ನಮ್ಮ ತಪ್ಪು ತಿಳಿಯುತ್ತದೆ. 2019ರಲ್ಲಿ ನಮ್ಮನ್ನಗಲಿದ ಮಾಸ್ಟರ್ ಹಿರಣ್ಣಯ್ಯನವರು ಲಂಚಾವತಾರ ನಾಟಕವನ್ನು ದಶಕಗಟ್ಟಲೆ ಆಡಿದರೂ ಅದು ಹಳಸಲಿಲ್ಲ. ಆಯಾ ದಿನದ ರಾಜಕಾರಣವನ್ನು ಸ್ಥಳದಲ್ಲೇ ಮಾತಿಗೆ ಸೇರಿಸಿಕೊಳ್ಳುತ್ತಿದ್ದರು. 1980ರಲ್ಲಿ ತೀರಿಕೊಂಡ ಹಾಸ್ಯಲೇಖಕ ಬೀಚಿಯವರ ಪಾತ್ರವಾದ ತಿಂಮ ಪುಸ್ತಕದ ಕಪಾಟಿನಲ್ಲೇ ಉಳಿಯದೆ, ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅಂಥವರ ಬಾಯಲ್ಲಿ ಊರೂರು ಸುತ್ತಿದ. ನಾವು ಮಾಡಿದ್ದೇನು? "ನಮ್ಮ ಕಾಲದಲ್ಲಿ ಎಂಥ ಹಾಸ್ಯ ಇತ್ತು ಗೊತ್ತಾ" ಎಂದು ಹಣೆ ಗಂಟಿಕ್ಕಿಕೊಂಡು ಹೇಳಿದೆವು. ಯಾರು ತಾನೇ ನಕ್ಕಾರು?

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವೈದ್ಯ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ, ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳನ್ನೂ ಪ್ರಕಟಿಸಿದ 'ಕೊರವಂಜಿ' ಹಾಸ್ಯಪತ್ರಿಕೆ 1967ರಲ್ಲಿ ನಿಂತಿತು. 1983ರಿಂದ 'ಅಪರಂಜಿ' ಆ ಕೆಲಸವನ್ನು ಮುಂದುವರಿಸಿತು. ಇಂಥ ಪತ್ರಿಕೆಗಳಿಂದ, ಹಕ್ಕುದಾರರ ಒಪ್ಪಿಗೆ ಪಡೆದು, ಒಂದೊಂದು ತುಣುಕನ್ನು ಭಾನುವಾರದ ಪುರವಣಿಯ ಮೂಲೆಯಲ್ಲಿ ಅಚ್ಚುಮಾಡಿ, ಅದರಡಿಯಲ್ಲಿ ಬರೆದ ವರ್ಷವನ್ನೂ, ಟ್ರಂಕ್ ಕಾಲ್, ವಠಾರ ಮುಂತಾದ ಮರೆಯಾದ ಸಂಗತಿಗಳ ಬಗ್ಗೆ ನಾಲ್ಕು ಸಾಲಿನ ಟಿಪ್ಪಣಿಯನ್ನೂ ಕೊಡಬಹುದು. ಮರುವಾರ ಅದೇ ಜಾಗದಲ್ಲಿ ಕಾಲೇಜಿನ ಹುಡುಗನೋ ಹುಡುಗಿಯೋ ತಮ್ಮನ್ನು ನಗಿಸಿದ ಒಂದು ಮೀಮನ್ನು ನಮ್ಮಂಥವರಿಗೆ ಬಿಡಿಸಿ ಹೇಳಲಿ. ವಿವರಿಸಿದರೆ ಹಾಸ್ಯ ಸತ್ತುಹೋಗುತ್ತದೆ ಎನ್ನುವವರಿಗೆ ನಮ್ಮ ಮನೆಯ ಕೋಳೀಕೆ ರಂಗನನ್ನು ಸಾಕ್ಷಿಯಾಗಿ ಕೊಡಬಲ್ಲೆ. ಮೊದಲ ವಾರದ ಟಿಪ್ಪಣಿಯನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಎರಡನೆಯ ವಾರದ್ದನ್ನು ಮೊಮ್ಮಗಳು ಬರೆಯುತ್ತಾಳಂತೆ. ಈ ಪತ್ರವನ್ನು ಓದಿ ನೋಡಿದ ಮೇಲೆ, ಅಜ್ಜಿಯ ಬರಹಕ್ಕೆ ಪದಮಿತಿ ಇರಲೇಬೇಕು ಎಂಬ ಷರತ್ತನ್ನು ಮಾತ್ರ ಹಾಕಿದ್ದಾಳೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ಮೈಸೂರು